ಎಡ ಚಕ್ರದ ಸಣ್ಣ ಸದ್ದು

ಕಾರು ಓಡಿಸುವಾಗ ದಾರಿಯಲ್ಲಿ ದೇವಸ್ಥಾನ ಕಂಡರೆ ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ನಮಸ್ಕಾರ ಮಾಡುವುದು ನಮ್ಮ ಭಾವನ ಅಭ್ಯಾಸವಾಗಿತ್ತು. ಒಂದೇ ಕೈಯಲ್ಲಿ ಹಣೆ ಮುಟ್ಟಿಕೊಂಡು ಮುಂದೆ ಹೋಗುವವರೂ ಇದ್ದಾರೆ. ಭಾವ ಅಂಥ ಅರೆಮನಸ್ಸಿನ ಭಕ್ತರಲ್ಲ. ಅಂಗೈ ಜೋಡಿಸಬೇಕು, ಕಣ್ಣು ಮುಚ್ಚಬೇಕು, ತುಟಿ ಅಲ್ಲಾಡಬೇಕು, ಕೊನೆಗೆ ಎರಡು ಕೆನ್ನೆಗೂ ತಟ್ಟಿಕೊಳ್ಳಬೇಕು. ಎಲ್ಲಾ ಸೇರಿ ಮೂರು ಸೆಕೆಂಡು. ನಾನು ಆಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಾ ಅಕ್ಕನ ಮನೆಯಲ್ಲಿದ್ದೆ. ಒಮ್ಮೆ ಲೆಕ್ಕ ಹಾಕಿ ಹೇಳಿದೆ: "ಭಾವ, ಮೂರು ಸೆಕೆಂಡಿಗೆ ಕಾರು ಮೂವತ್ತು ಮೀಟರ್ ಹೋಗುತ್ತೆ. ಆ ಮೂವತ್ತು ಮೀಟರ್ ಓಡಿಸೋರು ಯಾರು?"

"ನಾನ್ಯಾರಿಗೆ ಕೈ ಮುಗೀತಿದೀನೋ ಅವ್ರೇ," ಅಂದರು ಭಾವ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ಬೀದಿಗಳಲ್ಲಿ ಕಾರಿದ್ದ ಮನೆ ಒಂದೋ ಎರಡೋ. ಬ್ಯಾಂಕಿನಲ್ಲಿ ಆಫೀಸರಾದ ಭಾವ ಯಾರಿಂದಲೋ ಕೈ ಬದಲಾಯಿಸಿದ ಬೂದು ಬಣ್ಣದ ಕಾರು ತಂದಿದ್ದರು. ಆ ಕಾಲದ ಕಾರುಗಳಲ್ಲಿ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಆ ಬೆಂಚಿನ ನಟ್ಟನಡುವೆ ಅಕ್ಕನ ನಾಲ್ಕು ವರ್ಷದ ಮಗಳು ನಿಂತುಕೊಳ್ಳುತ್ತಿದ್ದಳು. ಕೂರುತ್ತಿರಲಿಲ್ಲ, ನಿಲ್ಲುತ್ತಿದ್ದಳು, ಎದುರಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ. ಅದು ಅವಳ ಜಾಗ. ಅಲ್ಲಿಂದ ಅವಳನ್ನು ಕೆಳಗಿಳಿಸಿದರೆ ಇಡೀ ಬೀದಿಗೆ ಕೇಳುವ ಹಾಗೆ ಅಳುತ್ತಿದ್ದಳು. "ನಿಂತ್ಕೊಳ್ಳಲಿ ಬಿಡು, ಮಗು ರೋಡ್ ನೋಡುತ್ತೆ," ಅನ್ನುತ್ತಿದ್ದರು ಭಾವ. ಆ ಕಾರಿನಲ್ಲಿ ರೋಡ್ ನೋಡುತ್ತಿದ್ದದ್ದು ಅವಳೊಬ್ಬಳೇ.

ಒಂದು ಭಾನುವಾರ ಸಂಜೆ ಶಾಪಿಂಗ್ ಕಾಂಪ್ಲೆಕ್ಸಿನಿಂದ ತರಕಾರಿ ತೆಗೆದುಕೊಂಡು ಬರುತ್ತಿದ್ದೆವು. ರಸ್ತೆ ಬಲಕ್ಕೆ ಬಾಗುವ ಕಡೆ ಒಂದು ಗಣಪತಿ ಗುಡಿ. ಭಾವ ಕೈ ಮುಗಿದರು. ರಸ್ತೆ ಬಲಕ್ಕೆ ಹೋಯಿತು, ಕಾರು ನೇರ ಹೋಯಿತು. ಎಡಗಡೆಯ ಮುಂದಿನ ಚಕ್ರ ಫುಟ್‌ಪಾತಿನ ಅಂಚಿಗೆ ಹಾಕಿದ್ದ ಕಲ್ಲಿಗೆ ದಢ್ ಎಂದು ಬಡಿದು, ಮೇಲೆ ಹತ್ತಿ, ಮತ್ತೆ ದೊಪ್ಪನೆ ಕೆಳಗೆ ಬಿತ್ತು. ಬೀನ್ಸು, ಟೊಮೆಟೊ ಎಲ್ಲ ಮುಂದೆ ಎಡಗಡೆ ಕೂತಿದ್ದ ನನ್ನ ಕಾಲ ಬುಡದಲ್ಲಿ. ಮಗು ಬೆಂಚಿನ ಮೇಲೆ ಕುಸಿದು ಕೂತಳು. ಮರುಕ್ಷಣ ಅವಳೇ ಎದ್ದು ನಿಂತು, "ಅಪ್ಪಾ, ಇನ್ನೊಂದ್ಸಲ!" ಅಂದಳು.

ಭಾವ ಇಳಿದು ಚಕ್ರಕ್ಕೆ ಒಂದು ಸಲ ಒದ್ದರು. ಗಂಡಸರಿಗೆ ಚಕ್ರಕ್ಕೆ ಒದ್ದರೆ ಅದು ಏನನ್ನೋ ಹೇಳುತ್ತದಂತೆ. "ಏನೂ ಆಗಿಲ್ಲ," ಅಂದರು. ಕಾರು ಹೊರಟಿತು. ಹೊರಟ ಕ್ಷಣದಿಂದಲೇ ಎಡಗಡೆಯಿಂದ ಕರಕರ ಕರಕರ ಎಂದು ಅರೆಯುವ ಗಿರಣಿಯಂಥ ಸದ್ದು. ಅದರ ಅಡಿಯಲ್ಲಿ, ಮನೆಯ ಗೇಟಿನ ಮುಂದೆ ಬ್ರೇಕ್ ಒತ್ತಿದಾಗ, ನನ್ನ ಎಡಗಾಲಿನ ಕೆಳಗೆ ಇನ್ನೊಂದು ಸದ್ದು ಬಂತು. ಒಂದೇ ಒಂದು ಸಲ. ಟಕ್.

ಕಿವಿಗೆ ಕೇಳಿಸಿದ್ದಕ್ಕಿಂತ ಅಂಗಾಲಿಗೆ ತಿಳಿದದ್ದು ಹೆಚ್ಚು. ಯಾರೋ ನೆಲದ ಕೆಳಗಿನಿಂದ ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗೆ.

ನಮ್ಮ ಬೀದಿಯಲ್ಲಿ ಒಂದು ಕಾರಿಗೆ ಕಾಯಿಲೆ ಬಂದರೆ ನೋಡಲು ಬರುವವರ ಸಂಖ್ಯೆ ಬಾಣಂತಿ ನೋಡಲು ಬರುವವರಿಗಿಂತ ಹೆಚ್ಚು. ಮಾರನೆಯ ಬೆಳಿಗ್ಗೆ ಭಾವ ಬಾನೆಟ್ ತೆಗೆಯುವ ಹೊತ್ತಿಗೆ ನಾಲ್ಕು ಜನ ಸೇರಿದ್ದರು. ಸದ್ದು ಬಂದದ್ದು ಚಕ್ರದಿಂದ, ಇವರು ನೋಡುತ್ತಿದ್ದದ್ದು ಎಂಜಿನ್ನನ್ನು. ಅವರಲ್ಲಿ ಹಿರಿಯರು ಎದುರುಮನೆಯ ರಾಯರು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಮೋರಿ ಮತ್ತು ಸೇತುವೆ ಕಟ್ಟಿದವರು. ಅಂದರೆ ಎಂದೂ ಚಲಿಸದ ವಸ್ತುಗಳ ತಜ್ಞರು. ಕಾರಿನ ವಿಷಯದಲ್ಲಿ ಅವರ ಮಾತೇ ಕೊನೆ.

ರಾಯರು ಕಾರಿನ ಮೂಲೆಯನ್ನು ಎರಡು ಕೈಯಲ್ಲಿ ಅಮುಕಿ ಬಿಟ್ಟರು. ಕಾರು ಮೇಲೆ ಕೆಳಗೆ ಆಡಿತು. "ನೋಡ್ರೀ, ಪಟ್ಟಿ ಒಣಗಿದೆ," ಅಂದರು. ಪಟ್ಟಿ ಎಂದರೆ ಹಿಂದಿನ ಚಕ್ರಗಳ ಮೇಲೆ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಸ್ಪ್ರಿಂಗ್ ಪಟ್ಟಿ.

"ಸದ್ದು ಮುಂದಿನಿಂದ ಬರ್ತಿದೆ ಅಂಕಲ್," ಅಂದೆ ನಾನು.

"ಸದ್ದು ಹಾಗೇನಮ್ಮಾ. ಹಿಂದೆ ಹುಟ್ಟುತ್ತೆ, ಮುಂದೆ ಕೇಳಿಸುತ್ತೆ."

ಎರಡು ವರ್ಷ ಧ್ವನಿವಿಜ್ಞಾನ ಓದಿದ್ದ ನಾನು ಬಾಯಿ ಮುಚ್ಚಿಕೊಂಡೆ. ಭಾವ ಒಳಗಿನಿಂದ ಹರಳೆಣ್ಣೆ ತಂದರು. ಗಂಡಸರು ನಾಲ್ವರು ಸೇರಿ ಹಿಂದಿನ ಪಟ್ಟಿಗಳಿಗೆ ಎಣ್ಣೆ ಹಚ್ಚಿದರು. ಹಸುಗೂಸಿಗೆ ಎಣ್ಣೆ ನೀರು ಹಾಕುವವರ ಮುಖದಲ್ಲೂ ಅಷ್ಟು ಶ್ರದ್ಧೆ ನಾನು ಕಂಡಿಲ್ಲ. ಆಮೇಲೆ ಯಾರೋ ಒಬ್ಬರು ಬಗ್ಗಿ ನೋಡಿ, ಮುಂದಿನ ಚಕ್ರದ ಮುಚ್ಚಳ ನೆಗ್ಗಿ, ಮಡ್‌ಗಾರ್ಡಿನ ಅಂಚು ಒಳಕ್ಕೆ ಮಡಚಿ ಟೈರಿಗೆ ಉಜ್ಜುತ್ತಿದೆ ಎಂದು ಕಂಡುಹಿಡಿದರು. ಸುತ್ತಿಗೆ ಬಂತು. ಮುಚ್ಚಳ ಕಿತ್ತು ಡಿಕ್ಕಿಗೆ ಎಸೆದದ್ದಾಯಿತು. ಅಂಚನ್ನು ಬಡಿದು ಹೊರಗೆ ತಂದದ್ದಾಯಿತು. ಭಾವ ಒಂದು ಸುತ್ತು ಹೋಗಿ ಬಂದರು. ಕರಕರ ಪೂರ್ತಿ ನಿಂತಿತ್ತು.

"ಹೇಗೆ?" ಅಂದರು ರಾಯರು, ಸೇತುವೆ ಉದ್ಘಾಟಿಸಿದವರಂತೆ.

"ಹೊಸ ಗಾಡಿ ಥರ ಆಯ್ತು ಸಾರ್. ಎಣ್ಣೆ ಹಾಕಿದ್ದೇ ಸರಿಯಾಯ್ತು."

ಎಲ್ಲರಿಗೂ ಕಾಫಿ ಆಯಿತು. ಸಂಜೆ ಅಕ್ಕನನ್ನೂ ಮಗುವನ್ನೂ ಕೂರಿಸಿಕೊಂಡು ಭಾವ ಮತ್ತೊಂದು ಸುತ್ತು ಹೊರಟಾಗ ನಾನೂ ಹಿಂದಿನ ಸೀಟಿನಲ್ಲಿ ಎಡಗಡೆ ಕೂತೆ. ದೊಡ್ಡ ಸದ್ದು ಹೋಗಿದ್ದರಿಂದ ಸಣ್ಣ ಸದ್ದು ಈಗ ಸ್ಪಷ್ಟವಾಗಿತ್ತು. ಬ್ರೇಕ್ ಒತ್ತಿದರೆ ಟಕ್. ಮತ್ತೆ ಹೊರಟರೆ ಟಕ್. ನೇರ ರಸ್ತೆಯಲ್ಲಿ ಸುಮ್ಮನೆ. ಇನ್ನೊಂದು ವಿಷಯ: ಕಾರು ನೇರ ಹೋಗುತ್ತಿದ್ದಾಗಲೂ ಸ್ಟೀರಿಂಗ್ ಚಕ್ರದ ಕಡ್ಡಿ ಓರೆಯಾಗಿತ್ತು. ಭಾವ ಅದನ್ನು ಬಲಕ್ಕೆ ಎಳೆದು ಹಿಡಿದುಕೊಂಡೇ ಇದ್ದರು, ತಮಗೇ ಗೊತ್ತಿಲ್ಲದೆ.

ಮನೆಗೆ ಬಂದ ಮೇಲೆ ಅಕ್ಕನಿಗೆ ಹೇಳಿದೆ. ಅಕ್ಕ ಹೆಚ್ಚು ಮಾತಿನವಳಲ್ಲ. ಅನ್ನ ಬಸಿಯುತ್ತಾ ಕೇಳಿದಳು, "ನಿಂಗೆ ಖಂಡಿತ ಕೇಳಿಸ್ತಾ?"

"ಖಂಡಿತ."

"ಹಾಗಿದ್ರೆ ಯಾರಾದ್ರೂ ಗೊತ್ತಿರೋರನ್ನ ಕರ್ಕೊಂಡು ಬಾ. ಇವ್ರು ಆಫೀಸಿಗೆ ಹೋದ್ಮೇಲೆ."

ಭಾವ ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಕಾರು ಇದ್ದದ್ದು ಭಾನುವಾರಕ್ಕೆ ಮತ್ತು ಬೀದಿಯವರು ನೋಡುವುದಕ್ಕೆ. ಯಡಿಯೂರು ಕೆರೆಯ ಹತ್ತಿರ ಮರದ ಕೆಳಗೆ ಲಾರಿ, ಕಾರು ಬಿಚ್ಚಿಕೊಂಡು ಕೂರುತ್ತಿದ್ದ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದರು. ನಾನು ಬಸ್ಸಿಗೆ ಹೋಗುವ ದಾರಿ ಅದು. ಬುಧವಾರ ಹೋಗಿ ಕೇಳಿದೆ. ಅವರು ಏನಾಗಿದೆ ಅಂತ ಕೇಳಲಿಲ್ಲ. "ಸದ್ದು ಯಾವಾಗ ಬರುತ್ತೆ ಮೇಡಂ?" ಅಂದರು. ನಾಲ್ಕು ದಿನದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ. ನಾನು ಹೇಳಿದೆ: ಬ್ರೇಕ್ ಹಾಕಿದಾಗ ಒಂದು, ಬಿಟ್ಟು ಹೊರಟಾಗ ಒಂದು. ಅವರು ತಲೆ ಅಲ್ಲಾಡಿಸಿ, ಜಾಕ್ ಅನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದೇ ಬಿಟ್ಟರು.

ಅವರ ಕೆಲಸ ನೋಡಿದ್ದು ನನ್ನ ಓದಿನಲ್ಲಿ ಕಂಡ ಯಾವ ಪ್ರಯೋಗಕ್ಕಿಂತಲೂ ಚೆನ್ನಾಗಿ ನೆನಪಿದೆ. ಮೊದಲು ಕಾರನ್ನು ಮುಟ್ಟಲಿಲ್ಲ. ಎದುರಿಗೆ ಹತ್ತು ಹೆಜ್ಜೆ ದೂರ ಕುಕ್ಕರಗಾಲಿನಲ್ಲಿ ಕೂತು ಎರಡು ಚಕ್ರಗಳನ್ನೂ ಸುಮ್ಮನೆ ನೋಡಿದರು. ಆಮೇಲೆ ಸ್ಟೀರಿಂಗ್ ತಿರುಗಿಸಿ ಚಕ್ರಗಳನ್ನು ನೇರ ಮಾಡಿದರು. ಜೇಬಿನಿಂದ ಒಂದು ಹುರಿ ತೆಗೆದು, ಬಲಗಡೆ ಹಿಂದಿನ ಚಕ್ರದ ನಡುಬಿಂದುವಿನಿಂದ ಮುಂದಿನ ಚಕ್ರದ ನಡುಬಿಂದುವಿನವರೆಗೆ ಬಿಗಿಯಾಗಿ ಹಿಡಿದು ಗಂಟು ಹಾಕಿದರು. ಹಿಂದಿನ ತುದಿ ನನ್ನ ಕೈಗೆ ಕೊಟ್ಟರು. ಅದೇ ಹುರಿಯನ್ನು ಎಡಗಡೆಗೆ ತಂದು ಹಿಡಿದೆವು. ಗಂಟು ಚಕ್ರದ ನಡುವನ್ನು ದಾಟಿ ಮುಂದೆ ಹೋಯಿತು.

"ಎರಡು ಬೆರಳು," ಅಂದರು ಮೇಸ್ತ್ರಿ. "ಚಕ್ರ ಎರಡು ಬೆರಳು ಹಿಂದಕ್ಕೆ ಹೋಗಿದೆ."

ಚಕ್ರವನ್ನು ಜಾಕ್ ಹಾಕಿ ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೂ ಹೊರಗೂ ಅಲ್ಲಾಡಿಸಿದರು. ಟಕ್. ನನ್ನದೇ ಸದ್ದು. "ಹಿಡಿದು ನೋಡಿ ಮೇಡಂ, ಕೈಗೆ ಗೊತ್ತಾಗುತ್ತೆ." ಹಿಡಿದೆ. ಗೊತ್ತಾಯಿತು. ಕಾರಿನ ಮುಂದಿನ ಭಾರವನ್ನೆಲ್ಲ ಹೊತ್ತ ಚಕ್ರ ಅಲ್ಲಾಡುವ ಹಲ್ಲಿನ ಹಾಗಿತ್ತು. ಅವರು ಕೆಳಗೆ ನುಸುಳಿ, ಸೀಮೆಎಣ್ಣೆ ಬಟ್ಟೆಯಿಂದ ಒಂದು ಕಬ್ಬಿಣದ ತೋಳನ್ನು ಒರೆಸಿ ನನ್ನನ್ನು ಕರೆದರು. ಚಕ್ರವನ್ನು ಕಾರಿಗೆ ಹಿಡಿದಿಟ್ಟಿರುವ ಕೆಳಗಿನ ತೋಳು ಅದು. ನಾನು ಲಂಗದ ಚಿಂತೆ ಬಿಟ್ಟು ನೆಲದ ಮೇಲೆ ಮಲಗಿ ನೋಡಿದೆ. ತೋಳು ಬಗ್ಗಿತ್ತು. ಬಗ್ಗಿದ ಕಡೆ ಕೂದಲಿನಷ್ಟು ತೆಳು ಕಪ್ಪು ಗೆರೆ.

"ನೀವು ಹೇಳಿದ ಕರಕರ ಇತ್ತಲ್ಲ, ಅದು ತಗಡು. ಅದರಿಂದ ಯಾರೂ ಸಾಯಲ್ಲ. ಇದು ಸಾಯಿಸುತ್ತೆ," ಅಂದರು ಮೇಸ್ತ್ರಿ. "ಗಾಡಿ ಇಲ್ಲಿಂದ ಅಲ್ಲಾಡಬಾರದು. ಜೆ.ಸಿ. ರೋಡಿಂದ ಸಾಮಾನು ತರಬೇಕು. ಶುಕ್ರವಾರ ಮಧ್ಯಾಹ್ನ ಬಂದು ಇಲ್ಲೇ ಹಾಕ್ತೀನಿ. ಸಾರ್‌ಗೆ ಹೇಳಿ."

ಸಾರ್‌ಗೆ ಹೇಳಿದೆ. ಸಾರ್ ಮೊದಲು ಕೇಳಿದ್ದು, "ನನ್ನ ಗಾಡಿ ಮುಟ್ಟೋಕೆ ಅವನನ್ನ ಕರೆದೋರು ಯಾರು?" ಅಂತ. ಹುರಿಯ ವಿಷಯ ಹೇಳಿದಾಗ ಊಟದ ತಟ್ಟೆಯ ಮುಂದೆಯೇ ನಗಲು ಶುರುಮಾಡಿದರು. "ನಮ್ಮ ಪ್ರೊಫೆಸರಮ್ಮ ದಾರ ಹಿಡಿದು ಕಾರಿಗೆ ಅಳತೆ ತಗೊಂಡಳಂತೆ! ಯಾಕಮ್ಮಾ, ರವಿಕೆ ಹೊಲಿಸ್ತೀಯಾ ಅದಕ್ಕೆ?"

"ಬಿರುಕು ನನ್ನ ಕಣ್ಣಾರೆ ನೋಡಿದೀನಿ ಭಾವ."

ಭಾವ ರಾಯರನ್ನು ಕರೆಸಿದರು. ರಾಯರು ಗೇಟಿನವರೆಗೆ ಬಂದು, ಇಸ್ತ್ರಿ ಮಾಡಿದ ಪಂಚೆ ಕೊಳೆಯಾಗುತ್ತದೆಂದು ಬಗ್ಗದೆ, ಚಕ್ರವನ್ನು ಮೇಲಿನಿಂದಲೇ ನೋಡಿ ತೀರ್ಪು ಕೊಟ್ಟರು: "ಅದು ಬಿರುಕಲ್ಲ. ಅಚ್ಚಿನ ಗೆರೆ. ಫ್ಯಾಕ್ಟರಿಯಲ್ಲಿ ಅಚ್ಚಿಂದ ತೆಗೆದಾಗ ಉಳಿಯುತ್ತೆ. ಈ ಮರದ ಕೆಳಗಿನ ಮೇಸ್ತ್ರಿಗಳು ಅದನ್ನೇ ತೋರಿಸಿ ಹೆದರಿಸ್ತಾರೆ."

ಕಾಣದ ವಸ್ತುವಿನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಲು ಒಂದೋ ಋಷಿಯಾಗಿರಬೇಕು, ಇಲ್ಲ ನಿವೃತ್ತ ಅಧಿಕಾರಿಯಾಗಿರಬೇಕು.

ಆದರೂ ಭಾವನಿಗೆ ಒಳಗೊಳಗೇ ಅಳುಕು ಹತ್ತಿತ್ತು. ಹಾಕಿದರೆ ಹಾಕಲಿ, ಶುಕ್ರವಾರ ಮೇಸ್ತ್ರಿ ಬರಲಿ ಎಂದು ಒಪ್ಪಿದರು. ನಾನು ಗೆದ್ದೆ ಅಂದುಕೊಂಡೆ. ಆಗ ಮಾತಾಡಿದವರು ಅಕ್ಕನ ಅತ್ತೆ. ಅದುವರೆಗೆ ಜಗುಲಿಯಲ್ಲಿ ಹೂ ಕಟ್ಟುತ್ತಾ ಸುಮ್ಮನಿದ್ದರು.

"ಕಬ್ಬಿಣಕ್ಕೆ ಕೈ ಹಚ್ಚೋ ಮುಂಚೆ ದೃಷ್ಟಿ ತೆಗೀಬೇಕು ಕಣೋ. ಬೀದಿ ಜನದ ಕಣ್ಣೆಲ್ಲ ಈ ಗಾಡಿ ಮೇಲೇ ಇದೆ. ಇಲ್ದಿದ್ರೆ ಗಣಪತಿಗೆ ಕೈ ಮುಗಿಯೋವಾಗ ಯಾರಿಗಾದ್ರೂ ಏಟಾಗುತ್ತಾ? ಶುಕ್ರವಾರ ಬೆಳಿಗ್ಗೆ ಬನಶಂಕರಿ ಅಮ್ಮನ ಹತ್ರ ಹೋಗಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ, ಗಾಡಿಗೂ ಪೂಜೆ ಮಾಡಿಸ್ಕೊಂಡು ಬಂದ್ಬಿಡೋಣ. ಆಮೇಲೆ ಅವನು ಏನು ಬಿಚ್ತಾನೋ ಬಿಚ್ಕೊಳ್ಳಲಿ."

"ಗಾಡಿ ಅಲ್ಲಾಡಬಾರದು ಅಂದಿದಾರೆ," ಅಂದೆ.

"ದೇವಸ್ಥಾನಕ್ಕೆ ತಾನೇ ಹೋಗ್ತಿರೋದು," ಅಂದರು ಭಾವ. ದೇವಸ್ಥಾನದ ಕಡೆಗೆ ಹೋಗುವ ರಸ್ತೆಯಲ್ಲಿ ಕಬ್ಬಿಣ ಮುರಿಯುವುದಿಲ್ಲ ಎಂಬುದು ಭೌತಶಾಸ್ತ್ರದ ಯಾವ ಅಧ್ಯಾಯದಲ್ಲೂ ನನಗೆ ಸಿಕ್ಕಿರಲಿಲ್ಲ. ಬನಶಂಕರಿ ಅಮ್ಮನ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಮುರುಕಲು ಗಾಡಿಯಲ್ಲೇ ಬಾ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ಹೋಗಿ ದೀಪ ಹಚ್ಚಬಹುದಿತ್ತು. ಆದರೆ ಪೂಜೆ ಗಾಡಿಗೆ. ಗಾಡಿ ಹೋಗದೆ ಪೂಜೆ ಹೇಗೆ?

ಇಷ್ಟು ವರ್ಷವಾದರೂ ನಾನು ಆ ಶುಕ್ರವಾರದ ಬೆಳಿಗ್ಗೆಗೆ ಹೋಗಿ ಬರುತ್ತಿರುತ್ತೇನೆ. ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ತೆಗೆದು ಅಕ್ಕಿ ಡಬ್ಬದೊಳಗೆ ಹಾಕಬಹುದಿತ್ತು. ಇಲ್ಲವೇ ಒಂದು ಬೆಂಕಿಕಡ್ಡಿ ತೆಗೆದುಕೊಂಡು ಟೈರಿನ ಬಾಯಿಗೆ ಒತ್ತಿ ಗಾಳಿ ಬಿಡಬಹುದಿತ್ತು. ಐದು ನಿಮಿಷದ ಕೆಲಸ. ಮಾಡಲಿಲ್ಲ. ಮಾಡಿದರೆ ಅಕ್ಕನ ಮನೆಯಲ್ಲಿ ತಂಗಿ ಹೀಗೆ ಅಂತ ನಾಲ್ಕು ಮಾತು ಬರುತ್ತಿತ್ತು. ಆ ನಾಲ್ಕು ಮಾತಿಗೆ ಹೆದರಿ, ಬಿರುಕು ಬಿಟ್ಟದ್ದು ಗೊತ್ತಿದ್ದೂ, ಆ ಕಾರಿನೊಳಗೆ ಹೋಗಿ ಕೂತೆ. ಬೇರೆಯವರಿಗೆ ಗೊತ್ತಿರಲಿಲ್ಲ, ಅವರು ದಡ್ಡರು. ನನಗೆ ಗೊತ್ತಿತ್ತು. ನನಗೆ ಯಾವ ಹೆಸರು?

ಭಾವ ರಜ ಹಾಕಿದ್ದರು. ಮುಂದೆ ಎಡಗಡೆ ರಾಯರು. ಎಣ್ಣೆ ಹಾಕಿದ ಪಟ್ಟಿ ಹೇಗೆ ಓಡುತ್ತದೆ ನೋಡಬೇಕು ಎಂದು ಹೊರಟು ಬಂದಿದ್ದರು. ನಡುವೆ ನಿಂತ ಮಗು. ಹಿಂದೆ ಅತ್ತೆ, ಅಕ್ಕ, ಬಲಗಡೆ ಭಾವನ ಬೆನ್ನ ಹಿಂದೆ ನಾನು. "ಭಯ ಇದ್ರೆ ಇಳಿದುಬಿಡು ಪ್ರೊಫೆಸರಮ್ಮ, ಬಸ್ಸಲ್ಲಿ ಬಾ," ಅಂದರು ಭಾವ ಕನ್ನಡಿಯಲ್ಲಿ ನೋಡುತ್ತಾ. ನಾನು ಮಗುವಿನ ಫ್ರಾಕಿನ ಹಿಂದಿನ ಲಾಡಿಯನ್ನು ಬೆರಳಿಗೆ ಸುತ್ತಿಕೊಂಡೆ.

ಹೋಗುವಾಗ ಏನೂ ಆಗಲಿಲ್ಲ. ಕನಕಪುರ ರಸ್ತೆಯಲ್ಲಿ ಹನ್ನೊಂದು ಟಕ್ ಎಣಿಸಿದೆ. ದೇವಸ್ಥಾನದಲ್ಲಿ ಅತ್ತೆ ನಿಂಬೆ ಹೋಳುಗಳನ್ನು ತಿರುವಿ ಬತ್ತಿ ಇಟ್ಟು ದೀಪ ಹಚ್ಚಿದರು. ಹೊರಗೆ ಪೂಜಾರಿಗಳು ಬಾನೆಟ್ಟಿಗೆ ಕುಂಕುಮ ಇಟ್ಟು, ಹಾರ ಹಾಕಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. ಭಾವ ಮೆಲ್ಲಗೆ ಕಾರು ಮುಂದೆ ತಂದರು. ನಾಲ್ಕೂ ಹಣ್ಣು ಪಚಕ್ ಎಂದವು. ರಾಯರು ಎಡಗಡೆಯ ಚಕ್ರದ ಕಡೆ ಕಿವಿ ಕೊಟ್ಟು ನಿಂತಿದ್ದವರು, "ಎಲ್ಲಿದೆಯಮ್ಮಾ ನಿನ್ನ ಟಕ್?" ಅಂದರು. ಅಷ್ಟು ನಿಧಾನಕ್ಕೆ ಬರುವುದಿಲ್ಲ ಅಂತ ಹೇಳಿದೆ. ಎಲ್ಲರೂ ನಕ್ಕರು.

ಹೊರಡುವಾಗ ಅತ್ತೆಯ ಕೈಯಲ್ಲಿ ಪ್ರಸಾದದ ದೊನ್ನೆ ಇತ್ತು, ಸಿಹಿ ಪೊಂಗಲ್. ಮಗುವಿಗೆ ಅದು ಬೇಕಾಯಿತು. ಮುಂದಿನ ಸೀಟಿನಲ್ಲಿ ತಿಂದರೆ ಸೀಟಿಗೆ ತುಪ್ಪ ಆಗುತ್ತದೆ ಎಂದು ಭಾವ ಅವಳನ್ನು ಎತ್ತಿ ಹಿಂದಕ್ಕೆ ದಾಟಿಸಿ ನನ್ನ ತೊಡೆಯ ಮೇಲೆ ಕೂರಿಸಿದರು. ಅವಳ ಜಾಗದಲ್ಲಿ, ಬೆಂಚಿನ ನಟ್ಟನಡುವೆ, ಪೂಜೆಯ ಬುಟ್ಟಿ ಇಟ್ಟರು. ಯಾರೂ ಯೋಚಿಸಿ ಮಾಡಿದ್ದಲ್ಲ. ಸೀಟಿನ ಬಟ್ಟೆ ಹಾಳಾಗಬಾರದು, ಅಷ್ಟೆ.

ದೇವಸ್ಥಾನ ಬಿಟ್ಟು ಸ್ವಲ್ಪ ದೂರ ಬಂದಿರಬೇಕು. ಭಾವನ ಉತ್ಸಾಹ ಹೆಚ್ಚಾಗಿತ್ತು, ಹಾಗಾಗಿ ವೇಗವೂ. ಮುಂದೆ ಒಂದು ಎತ್ತಿನ ಗಾಡಿ ಅಡ್ಡ ಬಂತು. ಬ್ರೇಕ್ ಒತ್ತಿದರು. ಟಕ್ ಬರಲಿಲ್ಲ. ಬದಲು ಒಣ ಮರ ಸೀಳಿದ ಹಾಗೆ ಒಂದು ಶಬ್ದ, ಕೂಡಲೇ ಕಾರಿನ ಎಡಮೂಲೆ ನೆಲಕ್ಕೆ ಕುಸಿಯಿತು. ಕಬ್ಬಿಣ ಟಾರನ್ನು ಉಳುತ್ತಿರುವ ಸದ್ದು. ಮುಂದಿನ ಭಾಗ ಅಲ್ಲೇ ಕಚ್ಚಿಕೊಂಡಿತು, ಹಿಂಭಾಗ ತಿರುಗಿತು. ನಾವು ಕೂತಿದ್ದ ಭಾಗ ಗಿರ್ರನೆ ರಸ್ತೆಯ ಬಲಕ್ಕೆ, ಎದುರಿನಿಂದ ಬರುವವರ ದಾರಿಗೆ ಹೋಗಿ ನಿಂತಿತು. ನಾನು ಕಿಟಕಿಯ ಕಡೆ ತಲೆ ತಿರುಗಿಸಿದೆ. ಕಿಟಕಿಯ ತುಂಬ ಲಾರಿಯ ಮುಖ.

ಕಲ್ಲಿನ ಗಣಿಗೆ ಖಾಲಿ ಹೋಗುತ್ತಿದ್ದ ಲಾರಿ ಅದು. ಅದರ ಬಂಪರಿನ ಮೇಲೆ ಬಣ್ಣ ಕಿತ್ತು ಹೋಗಿ ತುಕ್ಕು ಕಾಣುತ್ತಿತ್ತು. ಆ ತುಕ್ಕಿನ ಆಕಾರ ನಾನು ಈಗಲೂ ಬರೆದು ತೋರಿಸಬಲ್ಲೆ. ಮಗುವಿನ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡದ್ದು ನೆನಪಿದೆ. ಅದರಿಂದ ಏನು ಪ್ರಯೋಜನ ಎಂದು ಆ ಹೊತ್ತಿನಲ್ಲೂ ಅನ್ನಿಸಿದ್ದು ನೆನಪಿದೆ. ಲಾರಿಯವನು ಸ್ಟೀರಿಂಗ್ ಮುರಿದುಹೋಗುವಷ್ಟು ಎಳೆದಿರಬೇಕು. ಹಿಂದಿನ ಬಾಗಿಲ ಸರಪಳಿಗಳು ಝಣಝಣ ಎನ್ನುತ್ತಾ ಲಾರಿ ನಮ್ಮನ್ನು ದಾಟಿ ರಸ್ತೆಯಾಚೆಯ ಮಣ್ಣಿಗೆ ಇಳಿದು, ಹುಣಸೆ ಮರದ ಪಕ್ಕದಲ್ಲಿ ನಿಂತಿತು. ನಮ್ಮ ಕಾರಿಗೂ ಅದಕ್ಕೂ ಮಧ್ಯೆ ಎಷ್ಟು ಜಾಗ ಇತ್ತು ಅಂತ ಕೇಳಿದರೆ, ಹಿಂದಿನ ದೀಪದ ಗಾಜು ಹೋಗಿತ್ತು, ದೀಪ ಉಳಿದಿತ್ತು. ಅಷ್ಟು.

ಆಮೇಲೆ ಮುಂದೆ ನೋಡಿದೆ. ರಾಯರ ಹಣೆಯಿಂದ ರಕ್ತ. ಪೂಜೆಯ ಬುಟ್ಟಿ ಬೆಂಚಿನ ಮೇಲಿರಲಿಲ್ಲ. ಹಾರಿಹೋಗಿ ಗಾಜಿಗೆ ಬಡಿದಿತ್ತು. ಬಡಿದ ಕಡೆ ಗಾಜು ಜೇಡರ ಬಲೆಯ ಹಾಗೆ ಒಡೆದು, ನಡುವೆ ತೆಂಗಿನಕಾಯಿಯ ಹೋಳೊಂದು ಸಿಕ್ಕಿಕೊಂಡಿತ್ತು. ನಾಲ್ಕು ವರ್ಷದ ಹುಡುಗಿ ನಿಂತರೆ ಹಣೆ ಎಲ್ಲಿಗೆ ಬರುತ್ತದೋ ಅಲ್ಲಿ. ಅಕ್ಕ ಅದನ್ನು ನೋಡುತ್ತಿದ್ದಳು. ಕಾರಿನೊಳಗೆ ಎಲ್ಲರೂ ಏನೇನೋ ಕೂಗುತ್ತಿದ್ದರು, ಅವಳು ಮಾತ್ರ ಕದಲದೆ ಆ ಗಾಜನ್ನೇ ನೋಡುತ್ತಿದ್ದಳು.

ಲಾರಿ ಡ್ರೈವರ್ ಓಡಿ ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ಕಿಟಕಿಯೊಳಗೆ ಬಗ್ಗಿ, "ಮಗೂಗೆ ಏನೂ ಆಗಿಲ್ವಲ್ಲ ಅಕ್ಕಾ?" ಅಂದ. ಅಷ್ಟೇ ಕೇಳಿದ. ನಮ್ಮ ಭಾವ ಆ ಹೊತ್ತಿಗೆ ಇಳಿದು ನಿಂತು, ಪಂಚೆ ಸರಿಮಾಡಿಕೊಂಡು, ಅವನಿಗೆ ಹೇಳಿದರು: "ಏನ್ರೀ, ನೋಡ್ಕೊಂಡು ಓಡಿಸೋಕಾಗಲ್ವಾ?"

ಅವನು ಭಾವನ ಮುಖ ನೋಡಿದ, ಕಾರಿನ ಕೆಳಗೆ ಮಡಚಿ ಮಲಗಿದ್ದ ಚಕ್ರ ನೋಡಿದ, ಉಗುಳಿ ಹೊರಟುಹೋದ. ಇಡೀ ದಿನದಲ್ಲಿ ಭಾವನಿಗೆ ಸಿಕ್ಕ ಸರಿಯಾದ ಉತ್ತರ ಅದೊಂದೇ.

ರಾಯರು ಕರ್ಚೀಫಿನಿಂದ ಹಣೆ ಒತ್ತಿಕೊಂಡು ಕಾರನ್ನು ಒಂದು ಸುತ್ತು ಬಂದರು. ಈ ಸಲ ಬಗ್ಗಿದರು. ಬಗ್ಗಿ ನೋಡಿ, "ಹಿಂದಿನ ಪಟ್ಟಿ ಏನೂ ಆಗಿಲ್ಲ," ಅಂದರು, ತೃಪ್ತಿಯಿಂದ.

ಮೇಸ್ತ್ರಿ ಹೇಳಿದ ಹೊತ್ತಿಗೆ ಸಾಮಾನು ತೆಗೆದುಕೊಂಡು ಮನೆಗೆ ಬಂದಿದ್ದರು. ಗೇಟು ಖಾಲಿ ನೋಡಿ, ಪಕ್ಕದವರನ್ನು ಕೇಳಿ, ಸೈಕಲ್ಲಿನಲ್ಲೇ ಕನಕಪುರ ರಸ್ತೆಗೆ ಬಂದರು. ನಾವು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದೆವು. ಅವರು ಕಾರಿನ ಕೆಳಗೆ ಕೈ ಹಾಕಿ ಮುರಿದ ತೋಳಿನ ತುಂಡನ್ನು ಬಿಡಿಸಿ ತಂದು, ಭಾವನಿಗಲ್ಲ, ನನ್ನ ಕೈಗೆ ಕೊಟ್ಟರು. ಮುರಿದ ಬಾಯಿ ಎರಡು ಬಣ್ಣವಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಂಕು, ಕಂದು. ಉಳಿದದ್ದು ಹೊಸ ಬೆಳ್ಳಿಯಂತೆ ಫಳಫಳ. ಮಂಕಾದದ್ದು ಭಾನುವಾರದಿಂದ ಒಡೆಯುತ್ತಾ ಬಂದದ್ದು. ಹೊಳೆಯುವುದು ಇವತ್ತು ಒಡೆದದ್ದು. ಆರು ಜನರನ್ನು ಎಳೆದುಕೊಂಡು ಹೋಗಿ ಬಂದದ್ದು ಆ ಹೊಳೆಯುವ ಹೆಬ್ಬೆರಳಷ್ಟು ಕಬ್ಬಿಣ.

ನಾನು ಅದನ್ನು ಭಾವನಿಗೆ ತೋರಿಸಿದೆ. ಈಗಲಾದರೂ, ಅಂದುಕೊಂಡೆ. ಅವರು ತಿರುಗಿಸಿ ನೋಡಿ, ಕಣ್ಣಿಗೆ ಒತ್ತಿಕೊಂಡರು. "ಇಷ್ಟೇ ಇಷ್ಟು ಹಿಡ್ಕೊಂಡಿತ್ತು ನೋಡು. ಅಮ್ಮ ಅಲ್ದೆ ಇನ್ಯಾರು ಹಿಡ್ಕೊಂಡಿದ್ರು?"

"ಪೂಜೆ ಮಾಡಿಸದೆ ಬಂದಿದ್ರೆ ಏನಾಗ್ತಿತ್ತೋ," ಅಂದರು ಅತ್ತೆ.

ಮೇಸ್ತ್ರಿ ನನ್ನ ಕಡೆ ಒಮ್ಮೆ ನೋಡಿ, ಬೀಡಿ ಹಚ್ಚಿಕೊಂಡು, ಕೆಲಸಕ್ಕೆ ಕೂತರು.

ಮುಂದಿನ ವಾರಗಳಲ್ಲಿ ಆ ಕಥೆ ಬೀದಿಯಲ್ಲಿ ಬೆಳೆಯಿತು. ಭಾವ ಹೇಳುವಾಗ ಲಾರಿ ತುಂಬಿದ ಲಾರಿಯಾಯಿತು. ಡ್ರೈವರ್ ಕುಡಿದಿದ್ದ. ಭಾವ ಕೊನೆಯ ಕ್ಷಣದಲ್ಲಿ ಸ್ಟೀರಿಂಗ್ ತಿರುಗಿಸಿ ಎಲ್ಲರನ್ನೂ ಉಳಿಸಿದರು, ತಿರುಗಿಸಲು ಬುದ್ಧಿ ಕೊಟ್ಟದ್ದು ಅಮ್ಮ. ನಾನು ಕಿಟಾರನೆ ಕಿರುಚಿದೆನಂತೆ. ಇದ್ದರೂ ಇರಬಹುದು. ಹುರಿ, ಗಂಟು, ಎರಡು ಬೆರಳು, ಇವು ಆ ಕಥೆಯಲ್ಲಿ ಇರಲಿಲ್ಲ. ಕೇಳಲು ಬಂದವರು "ದೇವರು ದೊಡ್ಡೋನು" ಎಂದು ಕಾಫಿ ಕುಡಿದು ಹೋಗುತ್ತಿದ್ದರು. ನಾನು ಒಂದೆರಡು ಸಲ ನಡುವೆ ಬಾಯಿ ಹಾಕಿದೆ. "ಓದಿದೋರಿಗೆ ನಂಬಿಕೆ ಕಡಿಮೆ," ಅಂದರು ರಾಯರು, ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತಾ. ಬಿಟ್ಟುಬಿಟ್ಟೆ. ನನಗೆ ಬಸ್ಸಿನಲ್ಲಿ ಕೂತರೂ ಅಂಗಾಲು ನೆಲಕ್ಕೆ ಒತ್ತಿಕೊಳ್ಳುತ್ತಿತ್ತು, ಬ್ರೇಕ್ ಹಾಕಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ. ಇವರೆಲ್ಲ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

ಅಕ್ಕ ಆ ಕಥೆ ನಡೆಯುವಾಗ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು. ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ಅವಳೂ ಅವರ ಕಡೆಯೇ ಅಂದುಕೊಂಡು ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು.

ಕಾರು ಸರಿಯಾಗಿ ಬಂತು. ಹೊಸ ತೋಳು, ಹೊಸ ಗಾಜು. ಮೇಸ್ತ್ರಿ ಮತ್ತೆ ಹುರಿ ಹಿಡಿದು ಎರಡೂ ಕಡೆ ಸಮ ಎಂದು ನನಗೆ ತೋರಿಸಿದ್ದರು. ಜೀವ ಉಳಿಸಿದ್ದಕ್ಕೆ ಬನಶಂಕರಿಗೆ ಸೀರೆ ಒಪ್ಪಿಸುವುದೆಂದು ಅತ್ತೆ ಹರಕೆ ಹೊತ್ತಿದ್ದರು. ಮತ್ತೊಂದು ಶುಕ್ರವಾರ. ಮತ್ತೆ ರಜ. ಭಾವ ಹಾರ್ನ್ ಹೊಡೆಯುತ್ತಿದ್ದರು. ಅತ್ತೆ ಹಿಂದೆ ಕೂತಾಗಿತ್ತು. ಮಗು ಎಲ್ಲರಿಗಿಂತ ಮೊದಲು ಓಡಿಹೋಗಿ ಬೆಂಚಿನ ನಡುವೆ ನಿಂತು, ಹೊಸ ಗಾಜಿಗೆ ಮೂಗು ಒತ್ತಿದ್ದಳು.

ಅಕ್ಕ ಬಾಗಿಲಿಗೆ ಬೀಗ ಹಾಕಿ ಬಂದಳು. ಎಡಗಡೆಯ ಬಾಗಿಲು ತೆಗೆದು, ಒಳಗೆ ಬಗ್ಗಿ, ಮಗುವನ್ನು ಎತ್ತಿಕೊಂಡು ಹೊರಗೆ ನಿಂತಳು. ಬಾಗಿಲನ್ನು ಮೆಲ್ಲಗೆ ಹಾಕಿದಳು.

"ನೀವು ಹೋಗ್ಬನ್ನಿ. ನಾವು ಬಸ್ಸಲ್ಲಿ ಬರ್ತೀವಿ."

ಭಾವನಿಗೆ ಅರ್ಥವಾಗಲಿಲ್ಲ. "ಯಾಕೆ? ರಿಪೇರಿ ಆಗಿದೆಯಲ್ಲೇ!"

"ಕಾರೇನೋ ರಿಪೇರಿ ಆಗಿದೆ," ಅಂದಳು ಅಕ್ಕ.

ಎದುರುಮನೆ ಗೇಟಿನಲ್ಲಿ ರಾಯರು ನಿಂತಿದ್ದರು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಜನ ನೋಡ್ತಿದಾರೆ ಕಣೇ, ಹತ್ತು," ಅಂದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟಾಪಿನ ಕಡೆ ತಿರುಗಿದಳು. ನಾನೂ ಅವಳ ಹಿಂದೆ ಹೊರಟೆ. ಮಗು ಕಾರು ಬೇಕೆಂದು ಬೀದಿಯುದ್ದಕ್ಕೂ ಕಿರುಚುತ್ತಾ, ಅಮ್ಮನ ಬೆನ್ನಿಗೆ ಎರಡೂ ಮುಷ್ಟಿಯಿಂದ ಗುದ್ದುತ್ತಿದ್ದಳು. ಅಕ್ಕ ನಡಿಗೆ ನಿಧಾನ ಮಾಡಲಿಲ್ಲ.